ಅರ್ಧ ಬುಟ್ಟದಲ್ಲಿ ನಿಲ್ಲಿಸಿದ್ದು

ವ್ಯಾಯಾಮ ಶುರು ಮಾಡಿಸುವುದು ಯಾರಿಗೆ ಬೇಕಾದರೂ ಬರುತ್ತದೆ, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುವುದಕ್ಕೇ ನನಗೆ ಫೀಸು ಕೊಡೋದು ಎಂದು ರೋಗಿಗಳ ಮನೆಯವರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದವಳು ನಾನು. ಆ ಜಂಬ ಇಳಿದದ್ದು ಕೊಳ್ಳೇಗಾಲದ ಒಂದು ನೇಕಾರರ ಮನೆಯಲ್ಲಿ, ಹಾಡಹಗಲು ಹನ್ನೊಂದೂವರೆ ಗಂಟೆಗೆ.

ನಾನು ಫಿಸಿಯೋಥೆರಪಿಸ್ಟ್. ಹುಟ್ಟಿದ್ದು ಯಳಂದೂರು ತಾಲ್ಲೂಕಿನ ಅಗರದಲ್ಲಿ, ಬೇಸಾಯದ ಮನೆಯಲ್ಲಿ. ಈಗ ಕೊಳ್ಳೇಗಾಲದಲ್ಲಿ ಬಾಡಿಗೆಗಿದ್ದೇನೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹಾಸಿಗೆ ಬಿಟ್ಟು ಏಳಲಾಗದವರ ಮನೆಗಳಿಗೆ ಸ್ಕೂಟರಿನಲ್ಲಿ ಹೋಗುತ್ತೇನೆ. ಒಂದು ದಿನ ಯಳಂದೂರು, ಇನ್ನೊಂದು ದಿನ ಹನೂರು, ಮಿಕ್ಕ ದಿನ ಊರೊಳಗೇ. ಫಿಸಿಯೋಥೆರಪಿಸ್ಟ್ ಎನ್ನುವ ಹೆಸರು ಇಲ್ಲಿ ಯಾರ ನಾಲಿಗೆಗೂ ಹೊರಳುವುದಿಲ್ಲ. ಎಲ್ಲರಿಗೂ ನಾನು ‘ಎಕ್ಸಸೈಜ್ ಡಾಕ್ಟ್ರಮ್ಮ’. ಮೂಗಿನ ತುದಿಯಲ್ಲೇ ಕೋಪ ಇರುವ ಡಾಕ್ಟ್ರಮ್ಮ ಅಂತಲೂ ಹೇಳುತ್ತಾರಂತೆ. ಹೇಳಿಕೊಳ್ಳಲಿ.

ಆ ರೋಗಿಗೆ ಐವತ್ತೆಂಟು ವರ್ಷ. ರೇಷ್ಮೆ ಸೀರೆ ನೇಯುವವರು. ಮಗ್ಗದಲ್ಲಿ ಕೂತಿದ್ದಾಗಲೇ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತು ತೊದಲುತ್ತಿತ್ತು. ಅದಕ್ಕೂ ಮೊದಲೇ ಒಮ್ಮೆ ಹೃದಯಾಘಾತವಾಗಿತ್ತು. ಮೈಸೂರಿನ ಹೃದಯದ ಡಾಕ್ಟರು ಚೀಟಿಯಲ್ಲಿ, ಹೃದಯದ ಶಕ್ತಿ ಬಹಳ ಕಡಿಮೆಯಿದೆ, ವ್ಯಾಯಾಮ ಮಾಡಿಸಿ, ಆದರೆ ದಣಿಸಬೇಡಿ ಎಂದು ಬರೆದು ಕೊನೆಯ ಮಾತಿಗೆ ಎರಡು ಗೆರೆ ಎಳೆದಿದ್ದರು. ನಿಮಗೇನಾಗಬೇಕು ಯಜಮಾನ್ರೆ ಎಂದು ಮೊದಲ ದಿನ ಕೇಳಿದೆ. ಹೊಸ ರೋಗಿಗಳನ್ನೆಲ್ಲ ಕೇಳುತ್ತೇನೆ. ಕೆಲವರು ನಡೆಯಬೇಕು ಎನ್ನುತ್ತಾರೆ, ಕೆಲವರು ಬಚ್ಚಲಿಗೆ ಹೋಗುವಷ್ಟಾದರೆ ಸಾಕು ಎನ್ನುತ್ತಾರೆ. ಇವರು ಎಡಗೈ ಎತ್ತಿ ಬಾಗಿಲಿನ ಪರದೆಯ ಕಡೆ ತೋರಿಸಿದರು. ಪರದೆಯ ಆಚೆ ಮಗ್ಗವಿತ್ತು.

ಉದ್ದಕ್ಕೆ ಕಟ್ಟಿದ ಕಿರಿದಾದ ಮನೆ. ಮುಂದಿನ ಕೋಣೆಯಲ್ಲಿ ನೆಲ ತೋಡಿ ಕೂರಿಸಿದ ಗುಂಡಿ ಮಗ್ಗ. ನೇಯುವವರು ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾರೆ. ತುಳಿದಾಗ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ, ಎಳೆಗಳು ಬಾಯಿ ತೆರೆಯುತ್ತವೆ, ಆ ಬಾಯಿಯೊಳಗೆ ಲಾಳಿ ಓಡುತ್ತದೆ. ಅದರ ಹಿಂದಿನ ಕೋಣೆಯಲ್ಲಿ ರೋಗಿಯ ಮಂಚ. ನಡುವೆ ಒಂದು ಗೋಡೆ, ಬಾಗಿಲ ಜಾಗದಲ್ಲಿ ಪರದೆ. ಅವರು ಅರ್ಧಕ್ಕೆ ಬಿಟ್ಟ ಅರಿಶಿನ ಬಣ್ಣದ ಸೀರೆ ಮಗ್ಗದ ಮೇಲೆ ಹಾಗೇ ಇತ್ತು. ಮನೆಯಲ್ಲಿ ಅವರೂ ಅವರ ಹೆಂಡತಿಯೂ ಇಬ್ಬರೇ. ತಮ್ಮತಮ್ಮಲ್ಲಿ ತೆಲುಗು ಆಡುತ್ತಿದ್ದರು, ನನ್ನ ಜೊತೆ ಕನ್ನಡ.

ನನ್ನ ಕೆಲಸದ ಕ್ರಮ ಸರಳ. ಮೊದಲು ಬಿ.ಪಿ., ನಾಡಿ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ಆಮೇಲೆ ಬಿದ್ದ ಕಾಲನ್ನು ನಾನೇ ಮಡಿಸಿ ಬಿಡಿಸಿ ಕೀಲು ಸಡಿಲ ಮಾಡುವುದು. ಆಮೇಲೆ ಅವರೇ ಪ್ರಯತ್ನಪಡುವುದು. ಪ್ರತಿ ಎರಡು ನಿಮಿಷಕ್ಕೊಮ್ಮೆ ಮತ್ತೆ ನೋಡುವುದು. ಸಾಮಾನ್ಯವಾಗಿ ನಾಡಿ ಏರಿದ್ದು ನೋಡಿ ನಿಲ್ಲಿಸುತ್ತೇವೆ. ಇವರ ವಿಷಯದಲ್ಲಿ ಅದನ್ನು ನಂಬುವ ಹಾಗಿರಲಿಲ್ಲ. ಹೃದಯಕ್ಕೆ ನುಂಗುತ್ತಿದ್ದ ಮಾತ್ರೆ ನಾಡಿಯನ್ನು ಹಿಡಿದಿಟ್ಟಿರುತ್ತದೆ. ಒಳಗೆ ಹೃದಯ ಸುಸ್ತಾಗಿದ್ದರೂ ಹೊರಗೆ ನಾಡಿ ಏನೂ ಆಗಿಲ್ಲವೆಂಬಂತೆ ನಡೆಯುತ್ತದೆ. ಹಾಗಾಗಿ ನಾನು ಬಾಯಿಯನ್ನು ನಂಬಿದ್ದೆ. ಜೋರಾಗಿ ಎಣಿಸಿ ಎನ್ನುತ್ತಿದ್ದೆ. ಎಣಿಕೆಗೆ ಉಸಿರು ಸಾಲದೆ ದನಿ ಒಡೆಯಿತೋ, ಅಲ್ಲಿಗೆ ಮುಗಿಯಿತು. ಇದಕ್ಕಿಂತ ಒಳ್ಳೆಯ ಯಂತ್ರ ನನಗೆ ಗೊತ್ತಿಲ್ಲ.

ಮೊದಲ ತಕರಾರು ಎಣಿಕೆಯಲ್ಲೇ ಶುರುವಾಯಿತು. ಲಕ್ವದಲ್ಲಿ ಕನ್ನಡದ ಅಂಕಿಗಳು ಕಲಸಿಹೋಗಿದ್ದವು, ತೆಲುಗಿನವು ಹಾಗೇ ಉಳಿದಿದ್ದವು. ಒಕಟಿ, ರೆಂಡು, ಮೂಡು ಎಂದು ಎಣಿಸುತ್ತ ಚೆನ್ನಾಗಿದ್ದ ಎಡಗಾಲನ್ನು ಮಡಿಸಿ ನೀಡುತ್ತಿದ್ದರು. ಹತ್ತಕ್ಕೆ ನಿಲ್ಲಿಸಿ ಎಂದರೆ ನಿಲ್ಲಿಸುತ್ತಿರಲಿಲ್ಲ. ಹನ್ನೊಂದು, ಹನ್ನೆರಡು, ಹದಿನಾರಕ್ಕೆ ಹೋಗಿಯೇ ಕಾಲು ಇಳಿಸುತ್ತಿದ್ದರು. ನಡುವೆ ಕೂಗಿದರೆ ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮೂರನೇ ದಿನ ನನಗೆ ರೇಗಿತು. “ನಾ ಹೇಳ್ದಂಗೆ ಕೇಳೋದಾದ್ರೆ ಬತ್ತೀನಿ, ಇಲ್ದಿದ್ರೆ ಬೇರೆಯೋರನ್ನ ನೋಡ್ಕಳಿ” ಅಂದುಬಿಟ್ಟೆ.

ಅವರ ಹೆಂಡತಿ ಕಾಫಿ ತಂದಿಟ್ಟು ಸಮಾಧಾನ ಹೇಳಿದರು. “ಬಯ್ಬ್ಯಾಡ ಕಣವ್ವ. ಹದಿನಾರು ಅಂದ್ರೆ ಒಂದು ಬುಟ್ಟ. ಸೀರೆ ಒಡಲಲ್ಲಿ ಬತ್ತದಲ್ಲ ಸಣ್ಣ ಜರಿ ಹೂವ, ಅದು. ಬಲಗಾಲು ಹದಿನಾರ್ ಕಿತ ತುಳುದ್ರೆ ಒಂದು ಹೂವಾಯ್ತದೆ. ಬುಟ್ಟ ಅರ್ಧಕ್ಕೆ ಬುಟ್ಟು ನಮ್ಮ ಮನೇಲಿ ಯಾರೂ ಏಳಕಿಲ್ಲ. ಎದ್ರೆ ಲೆಕ್ಕ ತಪ್ಪೋಯ್ತದೆ. ಯಾರು ಕೂಗುದ್ರೂ ಓ ಅನ್ನಕಿಲ್ಲ. ನಮ್ಮತ್ತೆ ಕಾಲದಿಂದ್ಲೂವೆ ಅಂಗೇಯ.”

ನನಗೆ ಅದು ಇಷ್ಟವಾಯಿತು. ರೋಗಿಯ ಕೆಲಸದ ಲೆಕ್ಕವನ್ನೇ ವ್ಯಾಯಾಮದ ಲೆಕ್ಕ ಮಾಡಿಕೊಂಡರೆ ಅವರೂ ಒಪ್ಪಿ ಮಾಡುತ್ತಾರೆ ಎಂದುಕೊಂಡು ಅವತ್ತಿನಿಂದ ಹತ್ತನ್ನು ಬಿಟ್ಟು ಹದಿನಾರಕ್ಕೆ ಬಂದೆ. ಒಂದು ಬುಟ್ಟ, ವಿಶ್ರಾಂತಿ. ಇನ್ನೊಂದು ಬುಟ್ಟ, ವಿಶ್ರಾಂತಿ. ನಿಲ್ಲಿಸುವ ಅಧಿಕಾರವನ್ನು ಒಂದು ಸೀರೆಯ ಹೂವಿಗೆ ಬಿಟ್ಟುಕೊಟ್ಟಿದ್ದೇನೆ ಎಂಬುದು ಆಗ ಹೊಳೆಯಲೇ ಇಲ್ಲ.

ಮೂರು ವಾರವಾದರೂ ಬಲಗಾಲಿನಲ್ಲಿ ಏನೂ ಇರಲಿಲ್ಲ. ತೊಡೆಯ ಸ್ನಾಯುವಿನ ಮೇಲೆ ಬೆರಳಿಟ್ಟು ತುಳಿಯಿರಿ ಅಂದರೆ ಒಳಗೆ ಒಂದು ಸಣ್ಣ ಮಿಡಿತ ಬಂದು ಹೋಗುತ್ತಿತ್ತು, ಅಷ್ಟೇ. ನಾಲ್ಕನೇ ವಾರ ಅವರ ಹೆಂಡತಿ, ಹಾಸನ್ನು ಎಷ್ಟು ದಿನ ಅಂತ ಹಂಗೇ ಬಿಡೋದು ಎಂದು ಗಂಡ ಬಿಟ್ಟ ಸೀರೆಯನ್ನು ತಾವೇ ನೇಯಲು ಕೂತರು. ನಾನು ಒಳಗೆ ರೋಗಿಯ ಬಿ.ಪಿ. ನೋಡುತ್ತಿದ್ದೆ. ಪರದೆಯ ಆಚೆ ಹಲಗೆ ಇಳಿದ ಸದ್ದು ಬಂತು, ಲಾಳಿ ಓಡಿದ ಸದ್ದು ಬಂತು. ಹಾಸಿಗೆಯ ಮೇಲೆ ಅವರ ಬಲಗಾಲಿನ ಪಾದ ಕೆಳಗೆ ಬಾಗಿತು.

ನಾನು ಬಿ.ಪಿ. ಪಟ್ಟಿ ಹಿಡಿದುಕೊಂಡು ಹಾಗೇ ಕೂತೆ. ಮತ್ತೆ ಸದ್ದು, ಮತ್ತೆ ಪಾದ ಬಾಗಿತು. ಮಂಡಿಯೂ ಚೂರು ನೀಡಿತು. ಅವರ ಕಣ್ಣು ಮುಚ್ಚಿದ್ದವು. “ಯಜಮಾನ್ರೆ, ನೀವೇ ಮಾಡ್ತಿದ್ದೀರಾ?” ಅಂದೆ. ಹದಿನಾರಾದ ಮೇಲೆ ಮಗ್ಗ ನಿಂತಿತು, ಕಾಲೂ ನಿಂತಿತು. ಆಗ ಕಣ್ಣು ಬಿಟ್ಟು ಮಗುವಿನ ಹಾಗೆ ನಕ್ಕರು. ನನಗೆ ಎಷ್ಟು ಸಂತೋಷವಾಯಿತು ಅಂದರೆ, ಎದ್ದುಹೋಗಿ ಆ ತಾಯಿಯ ಕೈ ಹಿಡಿದುಕೊಂಡು ಕುಣಿದೆ.

ಲಯದ ಸದ್ದಿಗೆ ಬಿದ್ದ ಕಾಲು ಎಚ್ಚರಾಗುವುದು ಹೊಸ ಸಂಗತಿಯಲ್ಲ, ಓದಿದ್ದೇನೆ. ಹಾಗಾಗಿ ಮರುದಿನ ಮೊಬೈಲಿನಲ್ಲಿ ಟಕ್ ಟಕ್ ಸದ್ದು ಮಾಡುವ ಆ್ಯಪ್ ಹಾಕಿದೆ. ಕಾಲು ಅಲ್ಲಾಡಲಿಲ್ಲ. ಅವರದೇ ಮಗ್ಗದ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಕಿವಿಯ ಹತ್ತಿರ ಹಿಡಿದೆ. ಇಲ್ಲ. ಅವರ ಹೆಂಡತಿ ಗುಂಡಿಗೆ ಇಳಿದು ನಿಜವಾಗಿ ತುಳಿದರೆ ಮಾತ್ರ. ಮಂಚದ ಪಕ್ಕ ನೆಲಕ್ಕೆ ಅಂಗೈ ಒತ್ತಿ ನೋಡಿದೆ. ಪ್ರತಿ ತುಳಿತಕ್ಕೂ ನೆಲ ಸಣ್ಣಗೆ ನಡುಗುತ್ತಿತ್ತು. ಸರಿ, ನಡುಕ ನೆಲದಿಂದ ಮಂಚಕ್ಕೆ, ಮಂಚದಿಂದ ಮೈಗೆ ಬರುತ್ತದೆ ಎಂದು ನನಗೆ ನಾನೇ ವಿವರಿಸಿಕೊಂಡೆ. ಆಮೇಲೆ ಆ ಮನೆಯಲ್ಲಿ ವ್ಯಾಯಾಮ ಅಂದರೆ ಮಗ್ಗ ನಡೆಯುವ ಹೊತ್ತು ಅಂತಲೇ ಆಯಿತು. ಒಂದು ಬುಟ್ಟಕ್ಕೆ ಎರಡು ನಿಮಿಷ. ಮೊದಲ ವಾರ ಒಂದು, ಎರಡನೇ ವಾರ ಎರಡು, ಆಮೇಲೆ ಮೂರು. ಮೂರಕ್ಕಿಂತ ಹೆಚ್ಚು ಬೇಡವೆಂದು ನಾನೇ ಗೆರೆ ಎಳೆದಿದ್ದೆ.

ಒಂದು ದಿನ ಕಾಲನ್ನು ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿದೆ. ನನಗೆ ಪಾಠ ಹೇಳಿದ ಪ್ರೊಫೆಸರಿಗೆ ಕಳಿಸಿ ಭೇಷ್ ಅನ್ನಿಸಿಕೊಳ್ಳುವ ಆಸೆ. ಮನೆಗೆ ಬಂದು ಊಟ ಮಾಡುತ್ತ ನೋಡಿದೆ. ಹಲಗೆ ಇಳಿದ ಸದ್ದು, ಆಮೇಲೆ ಕಾಲು ಎಂದುಕೊಂಡಿದ್ದೆ. ವಿಡಿಯೋದಲ್ಲಿ ಕಾಲು ಮೊದಲು ಇಳಿಯುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ತಾಳ ಹಾಕುವವರು ಸದ್ದನ್ನು ಮೊದಲೇ ಊಹಿಸಿ ಒಂದು ಕೂದಲೆಳೆ ಮುಂದಿರುವುದು ಸಹಜ, ಅದೂ ಗೊತ್ತು. ಆದರೆ ಆ ಬೆಳಿಗ್ಗೆ ನಡುವೆ ಒಮ್ಮೆ ಅವರ ಹೆಂಡತಿಗೆ ಎಳೆ ಕಿತ್ತುಹೋಗಿ ಮಗ್ಗ ತಟ್ಟನೆ ನಿಂತಿತ್ತು. ಆ ಜಾಗವನ್ನು ಮೂರು ಸಲ ಹಿಂದಕ್ಕೆ ಎಳೆದು ನೋಡಿದೆ. ಎಳೆ ಕಿತ್ತುಹೋಯಿತು ಎಂದು ಆಕೆ ಕೂಗುವ ಮೊದಲೇ, ಆ ತುಳಿತ ತಪ್ಪುವ ಮೊದಲೇ, ಇಲ್ಲಿ ಕಾಲು ನಿಂತಿತ್ತು. ತಟ್ಟೆಯಲ್ಲಿದ್ದ ಅನ್ನ ಬಿಟ್ಟು ಎದ್ದು ಕೈ ತೊಳೆದೆ.

ಮರುದಿನ ಬಾಗಿಲಲ್ಲೇ ಅವರ ಹೆಂಡತಿ ನನ್ನನ್ನು ತಡೆದರು. ಬೀದಿಯಲ್ಲಿ ಹರಕೆ ಹೊತ್ತು ದೇವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟವರ ಗುಂಪು ಉಘೇ ಉಘೇ ಎನ್ನುತ್ತ ಹೋಗುತ್ತಿತ್ತು. ಅದು ದಾಟಿದ ಮೇಲೆ ದನಿ ತಗ್ಗಿಸಿ ಹೇಳಿದರು. “ಒಂದ್ ಮಾತು ಏಳ್ತೀನಿ, ನಗಬ್ಯಾಡ. ನಾಕ್ ದಿನದಿಂದ ನಾ ತುಳಿಯಕ್ ಮುಂಚೇನೇ ಬಲಗಡೆ ಅಲಗೆ ಇಳೀತದೆ. ಕಾಲ್ ಮಡಗುದ್ರೆ ಸಾಕು, ಅದೇ ಎಳ್ಕಂಡೋಯ್ತದೆ.”

“ಹಳೇ ಮಗ್ಗ ಅಕ್ಕಾ, ಹಗ್ಗ ಸಡಿಲ ಆಗಿರ್ತದೆ” ಅಂದೆ.

“ನಲವತ್ ವರ್ಸದಿಂದ ಮಗ್ಗದ ಮನೇಲಿವ್ನಿ. ಅಗ್ಗ ಸಡ್ಲ ಆಗಿದ್ರೆ ಯಂಗಿರ್ತದೆ ಅಂತ ನಂಗೊತ್ತಿಲ್ವಾ?” ಅಂದರು.

ಅವತ್ತೇ ನಿಲ್ಲಿಸಬೇಕಿತ್ತು. ಭಯವಾಗಿತ್ತು, ಆದರೆ ಭಯವಾಯಿತು ಎಂದು ಒಪ್ಪಿಕೊಳ್ಳಲು ನಾಚಿಕೆ. ಜೊತೆಗೆ ನಾನು ಕಳಿಸಿಯೇ ಬಿಟ್ಟಿದ್ದ ವಿಡಿಯೋ ನೋಡಿದ ಪ್ರೊಫೆಸರು, ಇನ್ನೂ ದೀರ್ಘವಾದದ್ದು ಇದ್ದರೆ ಕಳಿಸಮ್ಮ ಎಂದು ಬರೆದಿದ್ದರು. ಆ ಮಾತು ನನ್ನ ತಲೆಗೇರಿತ್ತು.

ಆ ಗುರುವಾರ ಹನೂರಿನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಂಡು ಬರುವಾಗ ಹನ್ನೊಂದು ದಾಟಿತ್ತು. ಕರೆಂಟ್ ಹೋಗಿತ್ತು. ಪಕ್ಕದ ಬೀದಿಯ ವಿದ್ಯುತ್ ಮಗ್ಗಗಳೆಲ್ಲ ನಿಂತು ಇಡೀ ಕೇರಿ ಸುಮ್ಮನಿತ್ತು. ಒಳಗೆ ಕಿಟಕಿಯ ಬೆಳಕಿನಲ್ಲಿ ಬಿ.ಪಿ. ನೋಡಿದೆ, ಚೆನ್ನಾಗಿತ್ತು. ಆಕ್ಸಿಜನ್ ತೊಂಬತ್ತಾರು. ಮೊಬೈಲನ್ನು ಸ್ಟೂಲಿನ ಮೇಲೆ ನಿಲ್ಲಿಸಿ, “ಶುರು ಮಾಡಿ ಅಕ್ಕಾ, ಇವತ್ತು ನಾಲ್ಕು ಬುಟ್ಟ” ಎಂದು ಕೂಗಿದೆ. ಮೂರರ ಗೆರೆಯನ್ನು ನಾನೇ ದಾಟಿದೆ.

ಮೂರನೇ ಬುಟ್ಟದವರೆಗೂ ಎಲ್ಲ ಸರಿಯಿತ್ತು. ಅವರ ತೆಲುಗಿನ ಎಣಿಕೆ ಸ್ಪಷ್ಟವಾಗಿ ಕೇಳುತ್ತಿತ್ತು. ನಾಲ್ಕನೆಯದರಲ್ಲಿ ದನಿ ಸಣ್ಣದಾಯಿತು. ನಾಡಿ ಮಾತ್ರ ಮೊದಲಿನಷ್ಟೇ ಇತ್ತು. ಇದೊಂದು ಮುಗಿಯಲಿ ಎಂದುಕೊಂಡೆ. ಹದಿನಾರಾಯಿತು. ಪ್ರತಿದಿನ ಅಲ್ಲಿ ಮಗ್ಗ ನಿಲ್ಲುತ್ತಿತ್ತು. ಅವತ್ತು ನಿಲ್ಲಲಿಲ್ಲ, ಕಾಲೂ ನಿಲ್ಲಲಿಲ್ಲ. ಐದನೆಯದು ಶುರುವಾಗಿಬಿಟ್ಟಿತು. ನಾನು ತಡೆಯಬಹುದಿತ್ತು. ಮೊಬೈಲ್ ಕಡೆ ನೋಡಿದೆ, ರೆಕಾರ್ಡಾಗುತ್ತಿತ್ತು. ತಡೆಯಲಿಲ್ಲ. ಇದನ್ನು ಯಾರಿಗೆ ಹೇಳಿದರೂ ನಾಚಿಕೆಯಾಗುತ್ತದೆ, ಆದರೂ ಹೇಳಲೇಬೇಕು.

ಐದನೆಯದರ ನಡುವೆ ಎಣಿಕೆ ನಿಂತುಹೋಯಿತು. ತುಟಿ ಅಲ್ಲಾಡುತ್ತಿತ್ತು, ದನಿಯಿರಲಿಲ್ಲ. ಹಣೆ ಮುಟ್ಟಿದೆ, ತಣ್ಣಗಿನ ಬೆವರು. ಆಕ್ಸಿಜನ್ ಎಂಬತ್ತೊಂಬತ್ತು. ಪಟ್ಟಿ ಸುತ್ತಿ ಬಿ.ಪಿ. ನೋಡಿದೆ, ಏರಬೇಕಾದದ್ದು ಇಳಿದಿತ್ತು. ವ್ಯಾಯಾಮದ ನಡುವೆ ಬಿ.ಪಿ. ಇಳಿದರೆ ಹೃದಯ ಕೈಚೆಲ್ಲುತ್ತಿದೆ ಅಂತಲೇ ಅರ್ಥ.

“ಸಾಕು! ಅಕ್ಕಾ, ಸಾಕು! ಯಜಮಾನ್ರೆ, ನಿಲ್ಸಿ!” ಎಂದು ಕಿರುಚಿದೆ. ಅಷ್ಟು ಹೊತ್ತಿಗೆ ಐದನೆಯದು ಮುಗಿದು ಆರನೆಯದಕ್ಕೆ ಹೊರಳಿತ್ತು. ಎರಡು ಕೋಣೆಯಲ್ಲೂ ಯಾರೂ ಓ ಅನ್ನಲಿಲ್ಲ.

ಅವರ ಬಲ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದೆ. ಎರಡು ದಿನದ ಹಿಂದೆ ಇದೇ ಕಾಲನ್ನು ಪರೀಕ್ಷೆ ಮಾಡಿ, ಮಗ್ಗ ನಡೆಯದಿದ್ದರೆ ಹಾಸಿಗೆಯಿಂದ ಎರಡು ಬೆರಳಿನಷ್ಟೂ ಎತ್ತಲಾರರು ಎಂದು ಬರೆದುಕೊಂಡಿದ್ದವಳು ನಾನು. ಆ ಕಾಲು ನನ್ನ ಎರಡು ಕೈಯನ್ನೂ ತಳ್ಳಿಕೊಂಡು ಇಳಿಯಿತು. ಮತ್ತೆ ಹಿಡಿದೆ, ಮತ್ತೆ ತಳ್ಳಿತು. ಮಂಚ ಕಿರುಗುಟ್ಟಿತು. ಅವರ ಮುಖದಲ್ಲಿ ಶ್ರಮದ ಗುರುತೇ ಇರಲಿಲ್ಲ. ಕಣ್ಣು ಅರ್ಧ ತೆರೆದಿದ್ದವು, ತುಟಿ ನೀಲಿಯಾಗಿತ್ತು, ಎದೆಯೊಳಗೆ ನೀರು ಗೊಳಗುಟ್ಟುವಂಥ ಸದ್ದು. ಈ ಕಾಲನ್ನು ಇಲ್ಲಿಂದ ನಿಲ್ಲಿಸಲು ಆಗುವುದಿಲ್ಲ ಎಂದು ನನಗೆ ಗೊತ್ತಾಯಿತು.

ಪರದೆ ಸರಿಸಿ ಮಗ್ಗದ ಕೋಣೆಗೆ ಓಡಿದೆ. ಅವರ ಹೆಂಡತಿ ಗುಂಡಿಯಲ್ಲಿ ಕೂತು ನೇಯುತ್ತಿದ್ದರು. ಸೆರಗು ಬೆವರಿಗೆ ಒದ್ದೆಯಾಗಿತ್ತು. ಕಣ್ಣು ಎಳೆಗಳ ಮೇಲಿತ್ತು, ರೆಪ್ಪೆ ಬಡಿಯುತ್ತಿರಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದೆ. ಭುಜ ಮರದ ಹಾಗೆ ಬಿಗಿದಿತ್ತು. ಕೈ ತನ್ನ ಪಾಡಿಗೆ ಲಾಳಿಯ ಹಗ್ಗ ಎಳೆಯಿತು, ಕಾಲು ತುಳಿಯಿತು. ಮಗ್ಗದ ಮೇಲೆ ಹೂವಿನ ಕೆಳಗಿನ ಅರ್ಧ ಮೂಡಿತ್ತು. ಇನ್ನೆಂಟು ತುಳಿತವಿತ್ತು, ಒಂದು ನಿಮಿಷದ ಕೆಲಸ. ಒಂದು ನಿಮಿಷ ಕಾದು ಬುಟ್ಟ ಮುಗಿದ ಮೇಲೆ ನಿಲ್ಲಿಸಿದರೆ ಇವರ ಪದ್ಧತಿಯೂ ಉಳಿಯುತ್ತದೆ ಎಂಬ ಯೋಚನೆ ಬಂತು. ಆದರೆ ನಾಲ್ಕಾದ ಮೇಲೂ ನಿಂತಿರಲಿಲ್ಲ, ಐದಾದ ಮೇಲೂ ನಿಂತಿರಲಿಲ್ಲ. ಒಳಗಿನ ಎದೆಗೆ ಇನ್ನೊಂದು ನಿಮಿಷವಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಹತ್ತಿರದಲ್ಲೇ ಕತ್ತರಿಯಿತ್ತು. ಹಾಸು ಕತ್ತರಿಸಲು ಮನಸ್ಸು ಬರಲಿಲ್ಲ. ಹಾಸು ಬಾಯಿ ತೆರೆದಾಗ ಅದರೊಳಗೆ ನನ್ನ ಬಲಗೈ ತೂರಿಸಿದೆ.

ಲಾಳಿಯ ತುದಿಗೆ ಕಬ್ಬಿಣದ ಮೊನೆ ಇರುತ್ತದೆ. ಅದು ಓಡಿಬಂದು ನನ್ನ ಬೆರಳ ಗೆಣ್ಣಿಗೆ ಹೊಡೆದು ನಿಂತಿತು. ನೋವಿಗೆ ಕಣ್ಣು ಕತ್ತಲಿಟ್ಟಿತು. ಮಗ್ಗ ನಿಂತಿತು. ಅದೇ ಕ್ಷಣ ಒಳಗೆ ಮಂಚದ ಸದ್ದೂ ನಿಂತಿತು. ಕರೆಂಟಿಲ್ಲದ ಆ ಕೇರಿಯಲ್ಲಿ ನನ್ನ ಉಸಿರು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ.

“ಅಯ್ಯೋ, ಏನ್ ಮಾಡ್ಬುಟ್ಟವ್ವಾ! ಬುಟ್ಟ ಅರ್ಧಕ್ಕೆ!” ಎಂದು ಅವರ ಹೆಂಡತಿ ಆಗ ತಾನೇ ಎಚ್ಚರಾದವರಂತೆ ಕೂಗಿದರು.

ಇಬ್ಬರೂ ಒಳಗೆ ಓಡಿದೆವು. ಬಲಗಾಲು ಸತ್ತ ಹಾಗೆ ಬಿದ್ದಿತ್ತು. ಅವರನ್ನು ಎತ್ತಿ ಕೂರಿಸಿ, ಕಾಲು ಮಂಚದಿಂದ ಇಳಿಬಿಟ್ಟು, ಬೆನ್ನಿಗೆ ನಾನೇ ಒರಗಾಗಿ ಕೂತೆ. ಎಡಗೈಯಲ್ಲಿ 108ಕ್ಕೆ ಫೋನು ಮಾಡಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು, ಶ್ವಾಸಕೋಶದಲ್ಲಿ ತುಂಬಿದ್ದ ನೀರಿಗೆ ಇಂಜೆಕ್ಷನ್ ಕೊಟ್ಟು, ಸಂಜೆಯ ಹೊತ್ತಿಗೆ ಮೈಸೂರಿಗೆ ಕಳಿಸಿದರು. ಏನಾಯಿತು ಎಂದು ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಕೇಳಿದಾಗ, “ನಿಲ್ಲಿಸಬೇಕಾದ ಕಡೆ ನಾನು ನಿಲ್ಲಿಸಲಿಲ್ಲ” ಅಂದೆ. ಅವರು ನನ್ನ ಊದಿದ ಕೈ ನೋಡಿ, ಇನ್ನೂ ಸ್ವಲ್ಪ ಎಳೆದಿದ್ದರೆ ಇಲ್ಲಿಗೆ ತರುವ ಅಗತ್ಯವೇ ಇರುತ್ತಿರಲಿಲ್ಲ ಎಂದಷ್ಟೇ ಹೇಳಿದರು.

ಆಸ್ಪತ್ರೆಯ ಬೆಂಚಿನ ಮೇಲೆ ಅವರ ಹೆಂಡತಿ ನನ್ನ ಪಕ್ಕ ಕೂತಿದ್ದರು. ನನ್ನ ಕಡೆ ತಿರುಗಿ ಹೇಳಿದರು. “ನೀ ಕೂಗಿದ್ದು ನಂಗೆ ಕೇಳುಸ್ತು ಕಣವ್ವ. ನಿಲ್ಸವಾ ಅಂತ್ಲೇ ಇದ್ದೆ. ಕಾಲು ನಂದಲ್ಲ ಅನ್ನಂಗಾಗಿತ್ತು.” ನಾನು ಅವರ ಕೈ ಹಿಡಿದುಕೊಂಡೆ.

ಅವತ್ತಿನ ವಿಡಿಯೋವನ್ನು ನೋಡದೆ ಅಳಿಸಿದೆ. ಪ್ರೊಫೆಸರಿಗೆ ಏನೂ ಬರೆಯಲಿಲ್ಲ.

ಎರಡು ವಾರಕ್ಕೆ ಅವರು ಮನೆಗೆ ಬಂದರು. ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿಕಳಿಸಿದೆ. ಅವರ ಹೆಂಡತಿಯೇ ಬಂದು ನನ್ನ ಬಾಗಿಲಲ್ಲಿ ಕೂತರು, ಹೋದೆ. ಮಗ್ಗಕ್ಕೆ ಹಳೆಯ ಪಂಚೆ ಹೊದಿಸಿದ್ದರು. ಅರ್ಧ ಬುಟ್ಟವನ್ನು ಮುಟ್ಟಿರಲಿಲ್ಲ. ಬಲಗಾಲು ಮತ್ತೆ ಮೊದಲಿನ ದಿನದ ಸ್ಥಿತಿಗೆ ಬಂದಿತ್ತು. ತುಳಿಯಿರಿ ಅಂದರೆ ಬೆರಳ ಕೆಳಗೆ ಅದೇ ಮಿಡಿತ, ಅಷ್ಟೇ. ನಾನು ಹಳೆಯ ಹತ್ತರ ಲೆಕ್ಕಕ್ಕೆ ವಾಪಸಾದೆ. ಈ ಸಲ ಅವರು ಹತ್ತಕ್ಕೇ ನಿಲ್ಲಿಸುತ್ತಿದ್ದರು. ಅದು ಇನ್ನೂ ಸಂಕಟವಾಗಿತ್ತು. ಪ್ರತಿದಿನ ನಾನು ಹೊರಡುವ ಹೊತ್ತಿಗೆ ಎಡಗೈ ಎತ್ತಿ ಐದು ಬೆರಳು ತೋರಿಸುತ್ತಿದ್ದರು, ಆಮೇಲೆ ಮೂರು. ಉಳಿದಿದ್ದ ಎಂಟು ತುಳಿತ. ರಾತ್ರಿ ನಿದ್ದೆಯಲ್ಲೂ ಅದನ್ನೇ ತೋರಿಸುತ್ತಾರೆ ಎಂದು ಅವರ ಹೆಂಡತಿ ಹೇಳಿದರು. “ಎಂಟು ಆಗಗಂಟ ಈ ಜೀವ ಇತ್ಲಾಗೂ ಬರಕಿಲ್ಲ, ಅತ್ಲಾಗೂ ಓಗಕಿಲ್ಲ ಕಣವ್ವ.”

ಮೈಸೂರಿನ ಡಾಕ್ಟರು ಮರುಪರೀಕ್ಷೆ ಮಾಡಿ, ಒಂದೆರಡು ನಿಮಿಷದ ಲಘು ವ್ಯಾಯಾಮ ಆಗಬಹುದು ಅಂದರು. ಆಮೇಲೂ ಹತ್ತು ದಿನ ನಾನು ಒಪ್ಪಲಿಲ್ಲ. ಹೆದರಿದ್ದೆ. ಆದರೆ ಹೀಗೇ ಬಿಟ್ಟರೆ ಕಾಲೂ ಹೋಗುತ್ತದೆ, ಮನುಷ್ಯನೂ ಹೋಗುತ್ತಾನೆ ಅನ್ನಿಸಿತು. ಒಂದು ಬೆಳಿಗ್ಗೆ, “ಎಂಟು. ಒಂಬತ್ತನೇದು ಬಂದ್ರೆ ನಾನೇ ಹಾಸು ಕತ್ತರಿಸ್ತೀನಿ” ಎಂದು ಇಬ್ಬರಿಗೂ ಹೇಳಿದೆ. ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಅವರ ಹೆಂಡತಿ ಪರದೆ ಸರಿಸಿ ಆಚೆ ಹೋದರು. ನಾನು ಮಂಚದ ಪಕ್ಕ ನೆಲದ ಮೇಲೆ ಕೂತು, ಒಂದು ಅಂಗೈ ನೆಲಕ್ಕೆ ಊರಿ, ಕಣ್ಣನ್ನು ಅವರ ತುಟಿಯ ಮೇಲೆ ಇಟ್ಟೆ. “ಶುರು ಮಾಡಿ” ಅಂದೆ.

ಹಲಗೆಯ ಸದ್ದು ಬಂತು. ನೆಲ ನಡುಗಿತು. ಪಾದ ಇಳಿಯಿತು. ಒಕಟಿ ಎಂದರು, ದನಿ ಗಟ್ಟಿಯಾಗಿತ್ತು. ಎರಡು, ಮೂರು, ನಾಲ್ಕು. ಆಕ್ಸಿಜನ್ ತೊಂಬತ್ತೈದು. ಐದು, ಆರು. ನನ್ನ ಇನ್ನೊಂದು ಕೈ ಕತ್ತರಿಯ ಮೇಲಿತ್ತು. ಏಳು. ಎಂಟು. ಕಾಲು ನಿಂತಿತು. ನೆಲವೂ ನಿಂತಿತು.

“ಸಾಕು ಅಕ್ಕಾ!” ಎಂದು ಕೂಗುತ್ತ ತಿರುಗಿದೆ. ಅವರ ಹೆಂಡತಿ ನನ್ನ ಬೆನ್ನ ಹಿಂದೆ, ಬಾಗಿಲ ಪಕ್ಕದ ಗೋಡೆಗೆ ಒರಗಿ, ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು.

“ಗುಂಡಿಗ್ ಇಳಿಯಕ್ಕೆ ಧೈರ್ಯ ಬರ್ನಿಲ್ಲ ಕಣವ್ವ” ಅಂದರು. “ಆಗ್ಲೇ ವಾಪಸ್ ಬಂದೆ. ಇಲ್ಲೇ ನಿಂತಿವ್ನಿ.”

ನಾನು ಎದ್ದು ಪರದೆ ಸರಿಸಿದೆ. ಮಗ್ಗದ ಮೇಲೆ ಪಂಚೆ ಹೊದಿಸಿದ ಹಾಗೇ ಇತ್ತು. ಮೆಲ್ಲಗೆ ತುದಿ ಎತ್ತಿ ನೋಡಿದೆ. ಅರ್ಧ ಬುಟ್ಟ ಅರ್ಧವೇ ಇತ್ತು. ಅದು ತುಂಬಿಕೊಂಡಿದ್ದರೆ ನಾನು ಆ ಮನೆಯಿಂದ ಓಡಿಹೋಗುತ್ತಿದ್ದೆ, ಸುಳ್ಳೇಕೆ ಹೇಳಲಿ. ಪಕ್ಕದ ಬೀದಿಯಲ್ಲಿ ಮಗ್ಗಗಳಿವೆ, ಅಲ್ಲಿಂದ ಬಂದ ಸದ್ದಿರಬಹುದು. ಆದರೆ ನನ್ನ ಅಂಗೈ ಎಂಟು ಸಲ ನೆಲದ ನಡುಕ ಕಂಡಿದೆ. ಈಗಲೂ ಹಾಗೇ ಹೇಳುತ್ತೇನೆ. ಇನ್ನೊಂದನ್ನು ಮಾತ್ರ ಅನುಮಾನವಿಲ್ಲದೆ ಹೇಳಬಲ್ಲೆ: ಆ ಎಂಟು ಸಲ ಕಾಲು ಇಳಿದಾಗ ಆ ಮನೆಯ ಮಗ್ಗದಲ್ಲಿ ಯಾರೂ ಇರಲಿಲ್ಲ.

ಒಳಗೆ ಬಂದಾಗ ಅವರು ತಲೆದಿಂಬಿಗೆ ಒರಗಿ ಸುಧಾರಿಸಿಕೊಳ್ಳುತ್ತಿದ್ದರು. ಹೆಂಡತಿಯನ್ನು ಹತ್ತಿರ ಕರೆದು ಕನ್ನಡದಲ್ಲೇ, ನನಗೂ ಕೇಳಲಿ ಎನ್ನುವಂತೆ, ಒಂದೊಂದೇ ಮಾತು ಹುಡುಕಿ ಹೇಳಿದರು. “ಅರ್ಧ ಬುಟ್ಟ… ನೀ ನೇಯ್ಕೊ. ನಂದಾಯ್ತು. ಸಾಕು.”

ಅವರ ಹೆಂಡತಿ ಕಣ್ಣೊರೆಸಿಕೊಂಡು ಹೋಗಿ ಪಂಚೆ ತೆಗೆದರು, ಗುಂಡಿಗೆ ಇಳಿದರು. ನಾನು ಬಲಗಾಲಿನ ಮೇಲೆ ಕಣ್ಣಿಟ್ಟೆ. ಹಲಗೆ ಇಳಿಯಿತು, ಲಾಳಿ ಓಡಿತು, ಮಂಚ ನಡುಗಿತು. ಬಲಗಾಲು ಹಾಸಿಗೆಯ ಮೇಲೆ ಸುಮ್ಮನೆ ಮಲಗಿತ್ತು. ಎಂಟೂ ಮುಗಿಯುವ ತನಕ ಅದು ಅಲುಗಲಿಲ್ಲ. ಆಚೆ ಮುಂದಿನ ಬುಟ್ಟ ಶುರುವಾಯಿತು. ಸದ್ದಿನ ನಡುವೆಯೇ ನಾನು, “ಯಜಮಾನ್ರೆ, ಬಲಗಾಲು ಎತ್ತಿ ನೋಡವ” ಅಂದೆ. ನನ್ನ ಮುಖ ನೋಡಿಕೊಂಡೇ ಕಾಲನ್ನು ನಿಧಾನವಾಗಿ ಹಾಸಿಗೆಯಿಂದ ನಾಲ್ಕು ಬೆರಳಿನಷ್ಟು ಎತ್ತಿದರು. ಮಗ್ಗ ತನ್ನ ಪಾಡಿಗೆ ಎರಡು ಸಲ ತುಳಿಸಿಕೊಂಡಿತು. ಅವರು ತಮಗೆ ಬೇಕಾದಷ್ಟು ಹೊತ್ತು ಹಿಡಿದು, ತಮಗೆ ಸಾಕೆನಿಸಿದಾಗ ಇಳಿಸಿದರು.